ಎಡಗಂಬ, ಬಲಗಂಬ, ಮತ್ತೆ ಎಡಗಂಬ

ನಮ್ಮ ಮನೆಗೆ ಊಟಕ್ಕೆ ಬಂದವರು ಹೊರಡುವಾಗ ನನ್ನನ್ನು ತುಸು ವಿಚಿತ್ರವಾಗಿ ನೋಡುವುದುಂಟು. ಅವರನ್ನು ಕಾರಿನವರೆಗೆ ಬಿಟ್ಟುಬರಲು ನಾನೂ ಏಳುತ್ತೇನಷ್ಟೆ. ಹೊಸ್ತಿಲು ದಾಟುವ ಮೊದಲು ಬಾಗಿಲಿನ ಚೌಕಟ್ಟನ್ನು ಬೆರಳ ಗೆಣ್ಣಿನಿಂದ ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಮತ್ತೆ ಎಡಕ್ಕೊಮ್ಮೆ ತಟ್ಟುತ್ತೇನೆ. ಬ್ರಿಡ್ಜ್‌ವಾಟರಿನ ದೇವಸ್ಥಾನದಲ್ಲಿ ಪರಿಚಯವಾದ ಹಿರಿಯರೊಬ್ಬರು ಇದನ್ನು ವಾಸ್ತುದೋಷ ಪರಿಹಾರವೆಂದು ತಿಳಿದು ತಮ್ಮ ಮನೆಯಲ್ಲೂ ಶುರುಮಾಡಿದರು. ಆಮೇಲೊಂದು ದಿನ ಫೋನ್ ಮಾಡಿ, "ಗರಾಜಿನ ಬಾಗಿಲಿಗೂ ಇದೇ ಕ್ರಮವೋ?" ಎಂದು ಕೇಳಿದರು. ಹೌದೆಂದೆ. ಶಾಸ್ತ್ರದ ವಿಷಯದಲ್ಲಿ ಯಾರಿಗೂ ಅನುಮಾನ ಉಳಿಸಬಾರದು.

ನಿಜ ಹೇಳಬೇಕೆಂದರೆ ಇದು ಐಸ್ ಹಾಕಿಯ ಗೋಲ್‌ಕೀಪರುಗಳ ಅಭ್ಯಾಸ. ಗೋಲ್‌ಕೀಪರಿಗೆ ಬೆನ್ನಿನಲ್ಲಿ ಕಣ್ಣಿಲ್ಲ. ತಾನು ಗೋಲಿನ ನಟ್ಟನಡುವೆ ಇದ್ದೇನೆಯೋ ಪಕ್ಕಕ್ಕೆ ಸರಿದಿದ್ದೇನೆಯೋ ತಿಳಿಯಲು ಆಗಾಗ ಕೈಯಲ್ಲಿನ ಕೋಲಿನಿಂದ ಹಿಂದಿನ ಎರಡು ಕಬ್ಬಿಣದ ಕಂಬಗಳನ್ನು ತಟ್ಟಿ ನೋಡಬೇಕು. ಕಂಬ ಟಿಂಗ್ ಎಂದರೆ ತಾನು ಇರಬೇಕಾದಲ್ಲೇ ಇದ್ದೇನೆಂದು ಧೈರ್ಯ. ಬ್ಯಾಂಕುಗಳು ಒಂದರ ಮೇಲೊಂದು ಮಗುಚಿಬಿದ್ದ ಆ ಚಳಿಗಾಲದಲ್ಲಿ ನ್ಯೂಜೆರ್ಸಿಯ ವುಡ್‌ಬ್ರಿಡ್ಜಿನಲ್ಲಿದ್ದ ನಮಗೆಲ್ಲ ಅಂಥದೊಂದು ಧೈರ್ಯ ಬೇಕಾಗಿತ್ತು. ನಮಗೆ ತಟ್ಟಲು ಕಂಬವಿರಲಿಲ್ಲ, ಅಷ್ಟೆ.

ಐಸ್ ಎಂದರೆ ನನಗೆ ಮೊದಲು ನೆನಪಾಗುವುದು ಮೈಸೂರಿನಲ್ಲಿ ನಮ್ಮ ಬೀದಿಯ ಕೊನೆಗಿದ್ದ ಕಬ್ಬಿನಹಾಲಿನ ಅಂಗಡಿ. ಮರದ ಹೊಟ್ಟಿನಲ್ಲಿ ಹೂತು, ಗೋಣಿತಾಟು ಹೊದಿಸಿ ಒಂದು ದೊಡ್ಡ ಗಡ್ಡೆ ಮಲಗಿಸಿರುತ್ತಿದ್ದರು. ಥೇಟ್ ಹೆಣದ ಹಾಗೆ. ಗೋಣಿ ಸರಿಸಿದರೆ ಆವಿ ಏಳುವುದು. ಅದರ ಹತ್ತಿರ ಹೋದರೆ ಒಳಗಿಂದ ಟಿಕ್ ಟಿಕ್ ಎಂದು ಏನೋ ಸದ್ದು ಕೇಳುತ್ತದೆಂದು ನನ್ನ ಅಕ್ಕ ಹೇಳಿ ಹೆದರಿಸಿದ್ದಳು. ಕಿವಿಯಿಟ್ಟು ಕೇಳಿದ್ದೆ, ಕೇಳಿಸಿತ್ತು. ಹೀಗೆ ಐಸಿನೊಡನೆ ನನ್ನ ಸಂಬಂಧ ಮೊದಲಿನಿಂದಲೂ ಭಯಭಕ್ತಿಯದು. ಅಂಥವನು ಮಕ್ಕಳ ಐಸ್ ಹಾಕಿ ತಂಡದ ಅಭ್ಯಾಸವನ್ನು ಯೋಜಿಸುವ ಪೀಠಕ್ಕೇರಿದ್ದು ಹೇಗೆಂದರೆ, ಪೋಷಕರ ಸಭೆಯಲ್ಲಿ ಗಂಟಲು ಸರಿಮಾಡಿಕೊಂಡದ್ದರಿಂದ. ಈ ದೇಶದಲ್ಲಿ ಸಭೆಯಲ್ಲಿ ಕೆಮ್ಮುವುದೆಂದರೆ ಒಪ್ಪಿಗೆ ಕೊಟ್ಟ ಹಾಗೆ.

ತಂಡದ ಕೋಚ್ ವಾಲ್ಟ್ ಎಂಬ ದೊಡ್ಡ ದೇಹದ, ಸಣ್ಣ ದನಿಯ ಮನುಷ್ಯ. ಇದ್ದ ಕೆಲಸ ಹೋಗಿ, ಎರಡು ಕಡೆ ದುಡಿಯಲು ಶುರುಮಾಡಿದ್ದ. ಭಾನುವಾರ ಬೆಳಗಿನ ಜಾವ ಬಂದು ಮಕ್ಕಳನ್ನು ಓಡಿಸುತ್ತೇನೆ, ಆದರೆ ಹೇಗೆ ಓಡಿಸಬೇಕೆಂದು ಕೂತು ಯೋಚಿಸಲು ನನಗೆ ಪುರುಸೊತ್ತಿಲ್ಲ ಎಂದ. ನಾನು ಕೆಮ್ಮಿದೆ.

"ಯೂ ಆರ್ ಎ ಪ್ಲಾನಿಂಗ್ ಗೈ, ರೈಟ್?" ಎಂದ.

ಹೌದು, ನಾನು ಪ್ಲಾನಿಂಗ್ ಗೈ. ಆಫೀಸಿನಲ್ಲಿ ನನ್ನ ಕೆಲಸ ಅದೇ. ಯಾವ ಕಟ್ಟಡ ಯಾವಾಗ ಏಳಬೇಕು ಎಂದು ಯೋಜಿಸುವುದು. ಆ ವರ್ಷ ಕಟ್ಟಡಗಳು ಏಳುವುದನ್ನು ನಿಲ್ಲಿಸಿದ್ದವು, ಯೋಜನೆಗಳು ಮಾತ್ರ ಏಳುತ್ತಿದ್ದವು. ನಮ್ಮ ಮಹಡಿಯಲ್ಲಿ ವಾರಕ್ಕೊಬ್ಬರಂತೆ ಜನ ಮಾಯವಾಗುತ್ತಿದ್ದರು. ಕುರ್ಚಿ ಇರುವುದು, ಬೆನ್ನಿಗೆ ಹಾಕಿದ ಸ್ವೆಟರ್ ಇರುವುದು, ಆಳು ಇಲ್ಲ. ಅಲ್ಲಿಯ ದೀಪಗಳು ಆಳು ಅಲ್ಲಾಡಿದರೆ ಉರಿಯುವ, ಅಲ್ಲಾಡದಿದ್ದರೆ ಆರುವ ಜಾತಿಯವು. ಜನ ಕಡಿಮೆಯಾದಂತೆ ನಾವು ಕೂತು ಓದುತ್ತಿರುವಾಗಲೇ ಪಟ್ಟನೆ ಕತ್ತಲೆಯಾಗುತ್ತಿತ್ತು. ಆಗ ಬದುಕಿದ್ದೇನೆಂದು ತೋರಿಸಲು ಕೈ ಬೀಸಬೇಕು. ದೂರದ ಮೂಲೆಯ ಕಿಟಕಿಯ ಬಳಿ ಎಡ್ ಎಂಬ ಹಿರಿಯ ಕೂರುತ್ತಿದ್ದ. ಅವನೂ ನಾನೂ ಸರದಿಯ ಮೇಲೆ ಕೈ ಬೀಸುತ್ತಿದ್ದೆವು. ಒಂದು ಸೋಮವಾರ ನಾನು ಬೀಸಿದೆ, ಅವನ ಕಡೆಯ ದೀಪ ಹತ್ತಲಿಲ್ಲ. ಹೋಗಿ ನೋಡಿದರೆ ಕಾಫಿಯ ಮಗ್ ಮಾತ್ರ ಇತ್ತು.

ಮಕ್ಕಳ ತಂಡದಲ್ಲೂ ಇದೇ ಕಥೆ. ಅಪ್ಪಂದಿರ ಕೆಲಸ ಹೋದಂತೆ ಮಕ್ಕಳು ಕರಗುತ್ತಿದ್ದರು. ಆದರೂ ತಂಡ ನಿಂತಿದ್ದದ್ದು ಗೋಲ್‌ಕೀಪರ್ ಕೆವಿನ್‌ನಿಂದ. ಅವನು ನಮ್ಮ ಹಿಂದಿನ ಬೀದಿಯ, ಮಂಗಳೂರು ಕಡೆಯ ಕ್ರಿಶ್ಚಿಯನ್ ಮನೆಯ ಹುಡುಗ. ನನ್ನ ಮಗಳು ಮೈಥಿಲಿ ಅವನ ಬದಲಿ ಗೋಲ್‌ಕೀಪರ್. ಅಂದರೆ ಬೆಂಚಿನ ಮೇಲೆ ಪೂರ್ತಿ ಕವಚ ತೊಟ್ಟು ಕೂತು ಅವನನ್ನೇ ನೋಡುವುದು ಅವಳ ಪದವಿ. ಕೆವಿನ್ ಪ್ರತಿ ಬಾರಿ ಗೋಲಿಗೆ ನಿಂತಾಗಲೂ ಎಡಗಂಬ, ಬಲಗಂಬ, ಮತ್ತೆ ಎಡಗಂಬ ತಟ್ಟುತ್ತಿದ್ದ. ಕೊನೆಯದರ ಮುಂಚೆ ಸ್ವಲ್ಪ ತಡೆಯುತ್ತಿದ್ದ. ಟಿಂಗ್, ಟಿಂಗ್... ಟಿಂಗ್. ಕಣ್ಣು ಮುಚ್ಚಿಕೊಂಡೇ ಅವನು ಬಂದಿದ್ದಾನೆಂದು ಹೇಳಬಹುದಿತ್ತು.

ಒಂದು ಭಾನುವಾರ ಅವನು ಬರಲಿಲ್ಲ. ತಂದೆಯ ಕೆಲಸ, ಅದರೊಡನೆ ವೀಸಾ, ಎರಡೂ ಹೋಗಿ, ಸಿಕ್ಕಿದ ವಿಮಾನ ಹತ್ತಿ ಮನೆಮಂದಿಯೆಲ್ಲ ಮಂಗಳೂರಿಗೆ ಹೊರಟುಹೋಗಿದ್ದರು. ಯಾರಿಗೂ ಹೇಳಿರಲಿಲ್ಲ. ಹೇಳಲು ಅವರಿಗೆ ಮುಖವಿರಲಿಲ್ಲವೇನೋ.

ಆ ಬೆಳಗ್ಗೆ ವಾಲ್ಟ್ ಮೈಥಿಲಿಯನ್ನು ಗೋಲಿಗೆ ಹೋಗೆಂದ. ಅವಳು ಅರ್ಧ ದಾರಿ ಹೋಗಿ ನಿಂತಳು. ಕರೆಂಟು ಉಳಿಸಲು ಅಂಗಳದವರು ಅರ್ಧ ದೀಪ ಮಾತ್ರ ಹಾಕಿದ್ದರು. ಐಸಿನ ಮೇಲೆ ಮೊಣಕಾಲೆತ್ತರ ಮಂಜು ಮಲಗಿತ್ತು. ಮಕ್ಕಳೆಲ್ಲ ಈ ತುದಿಯಲ್ಲಿದ್ದರು. ಆ ತುದಿಯ ಖಾಲಿ ಗೋಲಿನಿಂದ ಸದ್ದು ಬಂತು.

ಟಿಂಗ್, ಟಿಂಗ್... ಟಿಂಗ್.

ವಾಲ್ಟ್ ಸೀಟಿಯನ್ನು ಬಾಯಿಗಿಟ್ಟುಕೊಂಡವನು ಊದಲು ಮರೆತ. ನಾನು ತಂದೆಯ ಗಾಂಭೀರ್ಯ ಕಾಪಾಡಿಕೊಳ್ಳಲು ಕೈಗಡಿಯಾರ ನೋಡಿಕೊಂಡೆ. ಅದನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ. ಮೈಥಿಲಿ ಹಿಂದಕ್ಕೆ ಬಂದು ಬೆಂಚಿನ ಮೇಲೆ ಕೂತುಬಿಟ್ಟಳು. ಎಷ್ಟು ಕರೆದರೂ ಏಳಲಿಲ್ಲ.

ಕೊನೆಗೆ ವಾಲ್ಟ್ ನನ್ನನ್ನು ಪಕ್ಕಕ್ಕೆ ಕರೆದ. ಮುಂದಿನ ಭಾನುವಾರ ಅವಳು ಗೋಲಿಗೆ ನಿಲ್ಲಬೇಕು. ನಿಲ್ಲದಿದ್ದರೆ ಗೋಲ್‌ಕೀಪರಿಲ್ಲದ ತಂಡವನ್ನು ಪಂದ್ಯಗಳಿಂದ ಹಿಂತೆಗೆಯುವುದೇ ಗತಿ. ಹಾಗೆಂದವನು, "ಮೇಕ್ ಮಿ ಎ ಗುಡ್ ಪ್ಲಾನ್," ಎಂದು ನನ್ನ ಹೆಗಲು ತಟ್ಟಿದ.

ಮನೆಗೆ ಬರುವಾಗ ಕೆವಿನ್‌ನ ಮನೆಯ ಮುಂದೆಯೇ ಬಂದೆವು. ಡ್ರೈವ್‌ವೇಯಲ್ಲಿ ಪ್ಲಾಸ್ಟಿಕ್ ಚೀಲದ ನ್ಯೂಸ್‌ಪೇಪರುಗಳು ಹಿಮದಡಿ ಉಬ್ಬಿಕೊಂಡಿದ್ದವು. ಒಳಗೆ ಯಾರೂ ಇಲ್ಲ, ಪರದೆಯೂ ಇಲ್ಲ. ಕಿಟಕಿಯಲ್ಲಿ ಕ್ರಿಸ್‌ಮಸ್ಸಿಗೆಂದು ತೂಗುಹಾಕಿದ್ದ ಕಾಗದದ ನಕ್ಷತ್ರ ಮಾತ್ರ ಉರಿಯುತ್ತಿತ್ತು. ಟೈಮರ್ ಹಾಕಿದ್ದರು, ತೆಗೆಯಲು ಮರೆತಿದ್ದರು. ನಾವು ನೋಡುತ್ತಿದ್ದ ಹಾಗೆಯೇ ಅದು ಆರಿತು. ಮೈಥಿಲಿ ಕಾರಿನ ಕಿಟಕಿಯಿಂದ ಮುಖ ತಿರುಗಿಸಿಕೊಂಡಳು.

ಆ ವಾರ ನಾನು ಮಾಡಿದ ಸಿದ್ಧತೆ ಒಂದು ಯಾಗಕ್ಕೆ ಸಾಲುವಂಥದ್ದು. ಆಗ ನಮ್ಮ ಅತ್ತೆಯವರು ಮೈಸೂರಿನಿಂದ ಬಂದು ನಮ್ಮಲ್ಲಿದ್ದರು. ಬರುವಾಗ ಪೆಟ್ಟಿಗೆಯಲ್ಲಿ ಚೌಕಾಬಾರ ಆಡಲು ಕವಡೆ, ಹುಣಸೆಬೀಜಗಳನ್ನೂ ತಂದಿದ್ದರು. ನಾನು ಅಡಿಗೆಮನೆಯ ಮೇಜಿನ ಮೇಲೆ ಸೀಮೆಸುಣ್ಣದಿಂದ ಹಾಕಿಯ ಅಂಗಳ ಬರೆದೆ. ಹುಣಸೆಬೀಜಗಳು ಮಕ್ಕಳು. ಒಂದು ಕವಡೆ ಗೋಲ್‌ಕೀಪರ್. ಸಾಸಿವೆ ಕಾಳೊಂದು ಪಕ್, ಅಂದರೆ ಅವರು ಹೊಡೆಯುವ ಆ ಕಪ್ಪು ಬಿಲ್ಲೆ. ಮೊದಲು ಸ್ಕೇಟಿಂಗ್: ವೃತ್ತಗಳ ಸುತ್ತ ಒಂದು ಕಾಲಿನ ಮೇಲೊಂದು ಕಾಲು ದಾಟಿಸುತ್ತ ಪ್ರದಕ್ಷಿಣೆ, ಆಮೇಲೆ ಅಪ್ರದಕ್ಷಿಣೆ. ಅಂಗಳಕ್ಕೆ ಅಡ್ಡಲಾಗಿ ಎಳೆದ ನೀಲಿಗೆರೆಯವರೆಗೆ ಓಡಿ ಐಸಿನ ಪುಡಿ ಹಾರುವಂತೆ ಗಕ್ಕನೆ ನಿಲ್ಲುವುದು. ಹಿಮ್ಮುಖ ಓಟ. ಆಮೇಲೆ ಗೋಲ್‌ಕೀಪರಿಗೆ: ಒಂದು ಕಂಬದಿಂದ ಇನ್ನೊಂದಕ್ಕೆ ಜಾರುವುದು, ಎರಡೂ ಮಂಡಿ ಊರಿ ಬೀಳುವುದು, ಏಳುವುದು, ಮತ್ತೆ ಬೀಳುವುದು. ಬೀಳುವುದಕ್ಕೆ ಇಷ್ಟೊಂದು ಅಭ್ಯಾಸ ಬೇಕಾದ ವಿದ್ಯೆ ಇನ್ನೊಂದಿಲ್ಲ. ನಾನು ಸ್ವತಃ ಐಸಿಗಿಳಿದಾಗ ಅಭ್ಯಾಸವಿಲ್ಲದೆಯೇ ಮಾಡಿ ತೋರಿಸಿದ್ದೆ.

"ರೀ, ಸಾಸಿವೆ ಡಬ್ಬಿ ಕೊಡ್ತೀರೋ ಇಲ್ವೋ? ಒಗ್ಗರಣೆ ಸೀದುಹೋಗ್ತಿದೆ," ಎಂದಳು ನನ್ನ ಹೆಂಡತಿ ಸುಧಾ.

"ಆಟ ನಡೀತಾ ಇದೆ, ಪಕ್ ಎತ್ತೋ ಹಾಗಿಲ್ಲ."

"ಹಾಗಿದ್ರೆ ಸಾರೂ ಇಲ್ಲ."

ಪಕ್ಕನ್ನು ಒಗ್ಗರಣೆಗೆ ಬಿಟ್ಟುಕೊಟ್ಟೆ.

ಮಾರನೆಯ ಬೆಳಗ್ಗೆ ಕಾಫಿಗೆಂದು ಬಂದು ನೋಡಿದರೆ ಹುಣಸೆಬೀಜಗಳೆಲ್ಲ ಇಟ್ಟಲ್ಲೇ ಇದ್ದವು. ಕವಡೆ ಮಾತ್ರ ಗೋಲಿನಿಂದ ಹೊರಗೆ, ಎಡಗಂಬದ ಪಕ್ಕಕ್ಕೆ ಸರಿದು ಕೂತಿತ್ತು. ಸರಿಮಾಡಿಟ್ಟೆ. ಮರುದಿನ ಮತ್ತೆ ಅದೇ ಜಾಗದಲ್ಲಿ. ಸುಧಾಳನ್ನು ಕೇಳಿದೆ, ಮುಟ್ಟಿಲ್ಲ ಎಂದಳು. ಅತ್ತೆಯವರು, "ಬೇರೆಯವರ ಆಟದ ಕಾಯಿ ನಾನ್ಯಾಕೆ ಮುಟ್ಲಿ, ಅಳಿಯಂದ್ರೇ?" ಎಂದರು. ಮೂರನೆಯ ಬಾರಿ ನಾನು ಕವಡೆಯನ್ನು ಗೋಲಿನಲ್ಲಿಟ್ಟು ತಿರುಗುವಷ್ಟರಲ್ಲಿ ಮೈಥಿಲಿ ಬಂದು, ನನ್ನ ಕಣ್ಣೆದುರಿಗೇ ಅದನ್ನು ಪಕ್ಕಕ್ಕೆ ಸರಿಸಿದಳು. ಕೋಪದಿಂದಲ್ಲ. ಬಸ್ಸಿನಲ್ಲಿ ಹಿರಿಯರಿಗೆ ಸೀಟು ಬಿಡುವ ಹಾಗೆ.

"ಯಾಕಮ್ಮ?"

"ದೇರ್ ಈಸ್ ನೋ ರೂಮ್, ಅಪ್ಪ," ಎಂದಳು. ಆಮೇಲೆ ನನಗೆ ಅರ್ಥವಾಗಲಿಲ್ಲವೇನೋ ಎಂದು, ಎಂದೂ ಕನ್ನಡದಲ್ಲಿ ಉತ್ತರ ಕೊಡದವಳು ಕನ್ನಡದಲ್ಲಿ ಹೇಳಿದಳು. "ಅಲ್ಲಿ ಜಾಗ ಇಲ್ಲ. ಅವನು ಇನ್ನೂ ನಿಂತಿದಾನೆ."

ಮನುಷ್ಯನಿಗೆ ಹೆದರಿಕೆಯಾಗುವುದು ಕಿರುಚಾಟಕ್ಕಲ್ಲ, ಇಂಥ ತಣ್ಣನೆಯ ಮಾತಿಗೆ. ಅವಳ ಕಣ್ಣಡಿ ಕಪ್ಪಾಗಿತ್ತು. ಆಡುವ ಆಸೆ ಅವಳಿಗಿಲ್ಲವೆಂದಲ್ಲ. ಎರಡು ವರ್ಷ ಬೆಂಚು ಕಾದವಳು. ತನ್ನಿಂದಾಗಿ ಎಲ್ಲರ ಆಟ ನಿಲ್ಲುತ್ತದೆಂದು ರಾತ್ರಿ ಹೊರಳಾಡುತ್ತಿದ್ದಳು. ಆದರೂ ಬೇರೊಬ್ಬರು ನಿಂತ ಜಾಗದಲ್ಲಿ ಹೇಗೆ ನಿಲ್ಲುವುದು?

ಹುರುಳಿಕಾಯಿ ನಾರು ತೆಗೆಯುತ್ತಿದ್ದ ಅತ್ತೆಯವರು ತಲೆ ಎತ್ತಿದರು.

"ಆ ಹುಡುಗ ಹೋಗ್ತಾ ಏನಂತ ಹೇಳಿ ಹೋದ?"

"ಏನೂ ಹೇಳಲಿಲ್ಲ ಅತ್ತೆ. ಹೋದರು, ಅಷ್ಟೇ."

"ಹೋಗಿ ಬರ್ತೀನಿ ಅಂತ?"

"ಇಲ್ಲ."

"ಅದಕ್ಕೇ ಮತ್ತೆ," ಎಂದು ಅತ್ತೆಯವರು ಮತ್ತೊಂದು ಹುರುಳಿಕಾಯಿ ಎತ್ತಿಕೊಂಡರು. ಅವರ ಮಟ್ಟಿಗೆ ತನಿಖೆ ಮುಗಿದಿತ್ತು. "ಹೇಳದೆ ಹೋದ್ರೆ ಪೂರ್ತಿ ಹೋಗೋಕಾಗುತ್ತಾ? ಅರ್ಧ ಇಲ್ಲೇ ಉಳ್ಕೊಂಡಿದೆ. ಪಾಪ, ಮಗು. ಅವನಿಗೆ ಫೋನ್ ಮಾಡಿ, ಬರ್ತೀನಿ ಅನ್ನಿಸಿ."

ಚಿಕ್ಕಂದಿನಲ್ಲಿ ನಾನು ಸ್ಕೂಲಿಗೆ ಹೊರಡುವಾಗ "ಹೋಗ್ತೀನಿ" ಎಂದರೆ ಸಾಕು, ಅಮ್ಮ ಗೇಟಿನಿಂದ ವಾಪಸು ಕರೆದು, ನಿಲ್ಲಿಸಿ, "ಬರ್ತೀನಿ" ಎನ್ನಿಸಿ ಕಳಿಸುತ್ತಿದ್ದಳು. ಇದರಿಂದ ತಡವಾಗಿ ಮೇಷ್ಟರ ಕೈಲಿ ಪೆಟ್ಟು ತಿಂದದ್ದುಂಟು. ಪೆಟ್ಟು ತಿನ್ನಲು ಹೋಗುವವನೂ ಬರ್ತೀನಿ ಎಂದೇ ಹೋಗಬೇಕು. ಅದರ ತರ್ಕ ಏನೆಂದು ಆಗ ಯಾರೂ ಕೇಳಿರಲಿಲ್ಲ. ಈಗ ಇಂಜಿನಿಯರಾದ ನಾನು ಅತ್ತೆಯವರನ್ನು ಕೇಳಬೇಕೆಂದಿದ್ದೆ. ಮೈಥಿಲಿ ಅಜ್ಜಿಯ ಮುಖವನ್ನೇ ನೋಡುತ್ತಿದ್ದಳು. ಆ ವಾರದಲ್ಲಿ ಮೊದಲ ಸಲ ಅವಳ ಮುಖದಲ್ಲಿ ಬಣ್ಣ ಕಂಡಿತು. ನಾನು ತರ್ಕ ಬಿಟ್ಟೆ. ಸೀಮೆಸುಣ್ಣ ತೆಗೆದುಕೊಂಡು, ಹಿಮ್ಮುಖ ಓಟಕ್ಕೂ ಗೋಲ್‌ಕೀಪರಿನ ಜಾರಾಟಕ್ಕೂ ನಡುವೆ ಒಂದು ಹೊಸ ಅಂಗ ಸೇರಿಸಿದೆ: ದೂರವಾಣಿ. ಐಸ್ ಹಾಕಿಯ ಇತಿಹಾಸದಲ್ಲಿ ಇದಕ್ಕೆ ಪೂರ್ವನಿದರ್ಶನ ಇರಲಾರದು.

ಫೋರ್ಟ್ ಲೀ ಊರಿನಲ್ಲಿದ್ದ ಕೆವಿನ್‌ನ ದೊಡ್ಡಮ್ಮನಿಂದ ಸುಧಾ ನಂಬರ್ ತಂದಳು. "ಎಂತ ಮಾಡುವುದು ಮಾರಾಯ್ತಿ, ಅವರಿಗೆ ಯಾರ ಹತ್ರವೂ ಮಾತಾಡ್ಲಿಕ್ಕೆ ಮನಸ್ಸೇ ಇಲ್ಲ. ಹುಡುಗ ಮಾತ್ರ ಇಡೀ ದಿನ ಗೇಟಿನ ಹತ್ರ ನಿಂತುಕೊಂಡಿರ್ತಾನಂತೆ," ಎಂದರಂತೆ ಆಕೆ. ಸುಧಾ ಇದನ್ನು ನನಗೆ ಮಾತ್ರ ಹೇಳಿದಳು.

ಭಾನುವಾರ ಅತ್ತೆಯವರೂ ಬಂದರು. ರೇಷ್ಮೆಸೀರೆ, ಅದರ ಮೇಲೆ ಎರಡು ಸ್ವೆಟರು, ನನ್ನ ಮಂಕಿಕ್ಯಾಪು, ಮೊಮ್ಮಗಳ ಬೂಟು. ವಾಲ್ಟ್ ಬಾಗಿ ವಂದಿಸಿದ. ಯಾವುದೋ ಮಠದ ಮುಖ್ಯಸ್ಥೆ ಇರಬೇಕೆಂದುಕೊಂಡನೋ ಏನೋ. ಮಂಜು ಅಂದು ಇನ್ನೂ ದಟ್ಟವಾಗಿತ್ತು. ಮಕ್ಕಳು ಪ್ರದಕ್ಷಿಣೆ ಹಾಕಿದರು, ಅಪ್ರದಕ್ಷಿಣೆ ಹಾಕಿದರು. ಮಂಜಿನಲ್ಲಿ ಕಾಲು ಕಾಣದೆ ತಲೆಗಳು ಮಾತ್ರ ಸುತ್ತುತ್ತಿದ್ದವು. ಆ ತುದಿಯ ಗೋಲಿನ ಕಡೆ ಯಾರೂ ನೋಡಲಿಲ್ಲ. ಎಲ್ಲರೂ ಕೇಳುತ್ತಿದ್ದರು. ಹಿಮ್ಮುಖ ಓಟದ ನಡುವೆ ಬಂತು: ಟಿಂಗ್, ಟಿಂಗ್... ಟಿಂಗ್.

"ನಡೀರಿ," ಎಂದರು ಅತ್ತೆಯವರು.

ನಾನು ಒಂದು ಕೈಲಿ ಅವರನ್ನೂ, ಇನ್ನೊಂದು ಕೈಲಿ ಗೋಡೆಯನ್ನೂ ಹಿಡಿದುಕೊಂಡು ಐಸಿನ ಮೇಲೆ ನಡೆದೆ. ಮೈಥಿಲಿ ನಮ್ಮ ಹಿಂದೆ. ಇಂಡಿಯಾಕ್ಕೆ ಅಗ್ಗದಲ್ಲಿ ಮಾತಾಡಲು ಕೊಳ್ಳುತ್ತಿದ್ದ ಕಾಲಿಂಗ್ ಕಾರ್ಡಿನ ನಂಬರುಗಳನ್ನು ಒತ್ತಿ, ಫೋನನ್ನು ಸ್ಪೀಕರಿಗೆ ಹಾಕಿ, ಗೋಲಿನೊಳಗೆ ನನ್ನ ಉಣ್ಣೆ ಟೋಪಿಯ ಮೇಲಿಟ್ಟೆ. ಅಲ್ಲಿ ಸಂಜೆಯ ಚಹಾದ ಹೊತ್ತು. ಮೊದಲು ಕೇಳಿಸಿದ್ದು ಕಾಗೆಗಳು. ನ್ಯೂಜೆರ್ಸಿಯ ಐಸಿನ ಮೇಲೆ, ಆ ಬಲೆಯೊಳಗಿಂದ ಮಂಗಳೂರಿನ ಕಾಗೆಗಳು ಕೂಗಿದವು.

"ಹಲೋ?" ಎಂದ ಕೆವಿನ್.

ಮೈಥಿಲಿ ಮಂಡಿಯೂರಿದಳು. ಮುಂದಿನದನ್ನು ಅವರು ಇಂಗ್ಲಿಷಿನಲ್ಲಾಡಿದರು, ನಾನು ನೆನಪಿದ್ದಷ್ಟು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಕೆವಿನ್, ನಾನು ಟಿಲ್ಲಿ." ತಂಡದಲ್ಲಿ ಮೈಥಿಲಿಯ ಹೆಸರು ಅಷ್ಟಕ್ಕೆ ಸವೆದಿತ್ತು. "ನೀನು ಹೇಳದೆ ಹೋದೆ."

"ಡ್ಯಾಡ್ ಪ್ಯಾಕ್ ಮಾಡು ಅಂದರು. ಹೇಳಬೇಡ ಅಂದರು." ಸ್ವಲ್ಪ ಹೊತ್ತು ಕಾಗೆಗಳು. "ನೀವೆಲ್ಲಿದ್ದೀರಿ?"

"ನಿನ್ನ ಗೋಲಿನಲ್ಲಿ. ಇಲ್ಲಿ ಸದ್ದು ಬರುತ್ತಿದೆ."

ಕೆವಿನ್ ನಕ್ಕ. "ಎಡಗಂಬವಾ? ಅದು ಲೂಸು. ನೆಲದ ಕೆಳಗೆ ಐಸ್ ಮಷೀನ್ ಶುರುವಾದಾಗೆಲ್ಲ ತಾನೇ ಬಡಿಯುತ್ತೆ. ಅದಕ್ಕೇ ನಾನು ಅದನ್ನ ಎರಡು ಸಲ ತಟ್ಟೋದು. ಹಿಮ್ಮಡಿಯಲ್ಲಿ ಒಂದು ಒದಿ, ಸುಮ್ಮನಾಗುತ್ತೆ."

ಮಂಜಿನಾಚೆ ನಿಂತಿದ್ದ ಮಕ್ಕಳೆಲ್ಲ ಒಮ್ಮೆಲೇ ಉಸಿರುಬಿಟ್ಟದ್ದು ಕೇಳಿಸಿತು. ನಾನಂತೂ ಇದೆಲ್ಲ ಮೊದಲೇ ಗೊತ್ತಿತ್ತು ಎನ್ನುವ ಮುಖ ಮಾಡಿದೆ. ಅತ್ತೆಯವರಿಗೆ ಮಷೀನಿನ ಸಮಾಚಾರ ಬೇಕಿರಲಿಲ್ಲ. ಬಗ್ಗಿ, ಫೋನಿಗೆ ಹೇಳಿದರು.

"ಕೆವಿನ್ನೂ, ಮೈಥಿಲಿ ಅಜ್ಜಿ ಕಣಪ್ಪಾ. ಬರ್ತೀನಿ ಅನ್ನು, ನೋಡೋಣ."

ಜೆರ್ಸಿಯಲ್ಲಿ ಇದ್ದಷ್ಟು ದಿನ ಕನ್ನಡದ ಒಂದಕ್ಷರ ಆಡಿದವನಲ್ಲ ಆ ಹುಡುಗ. ಕಾಗೆಗಳ ಕೂಗು ನಿಂತಿತು. ಆಮೇಲೆ, ಸಣ್ಣಗೆ, "ಬರ್ತೇನೆ ಅಜ್ಜಿ," ಎಂದ.

"ಹೋಗಿ ಬಾಪ್ಪಾ," ಎಂದರು ಅತ್ತೆಯವರು.

ಫೋನು ಕಡಿದುಹೋಯಿತು. ಮೈಥಿಲಿ ಎದ್ದಳು. ಎಡಗಂಬದ ಪಕ್ಕದಲ್ಲಿ ಒಂದು ಕ್ಷಣ, ಬಾಗಿಲಲ್ಲಿ ಒಳಗಿನವರು ಹೊರಬರಲು ದಾರಿ ಬಿಡುವವಳಂತೆ ನಿಂತಳು. ಆಮೇಲೆ ಗೋಲಿನೊಳಕ್ಕೆ ಹೋಗಿ, ಎಡಕ್ಕೊಂದು, ಬಲಕ್ಕೊಂದು, ತಡೆದು, ಮತ್ತೆ ಎಡಕ್ಕೊಂದು ತಟ್ಟಿದಳು. ವಾಲ್ಟ್ ಸೀಟಿ ಊದಿದ.

ಆ ಬೆಳಗ್ಗೆ ಅವಳು ಬಿಟ್ಟ ಗೋಲುಗಳನ್ನು ಎಣಿಸುವ ಕ್ರೌರ್ಯ ಯಾರೂ ಮಾಡಲಿಲ್ಲ. ಬಿದ್ದಳು, ಎದ್ದಳು, ಜಾರಿದಳು, ಕಿರುಚಿದಳು. ತಂಡ ಉಳಿಯಿತು. ಆ ಚಳಿಗಾಲ ಪೂರ್ತಿ ಆಡಿ, ಬಹುಪಾಲು ಪಂದ್ಯಗಳನ್ನು ಕ್ರಮಬದ್ಧವಾಗಿ ಸೋತೆವು.

ಒಂದು ವಿಷಯ ನಾನು ಅಂದು ಯಾರಿಗೂ ಹೇಳಲಿಲ್ಲ. ಮಕ್ಕಳೆಲ್ಲ ಬಟ್ಟೆ ಬದಲಿಸಲು ಹೋದಮೇಲೆ, ಇಂಜಿನಿಯರನ ಕುತೂಹಲದಿಂದ ಗೋಡೆ ಹಿಡಿದುಕೊಂಡು ಗೋಲಿನವರೆಗೆ ಹೋದೆ. ಎಡಗಂಬವನ್ನು ಹಿಡಿದು ಅಲ್ಲಾಡಿಸಿದೆ. ಅಲ್ಲಾಡಲಿಲ್ಲ. ಎರಡೂ ಕೈಯಲ್ಲಿ, ಮೈಭಾರವೆಲ್ಲ ಹಾಕಿ ಜಗ್ಗಿದೆ. ನಾನು ಬಿದ್ದೆ, ಕಂಬ ಮಿಸುಕಲಿಲ್ಲ. ನೆಲದ ಕೆಳಗೆ ಮಷೀನು ಗುಂಯ್ಯೆಂದು ಶುರುವಾಯಿತು, ಓಡಿತು, ನಿಂತಿತು. ಕುಂಡೆಯ ಮೇಲೆ ಕೂತೇ ಕೇಳಿದೆ. ಎಲ್ಲಿಂದಲೂ ಯಾವ ಸದ್ದೂ ಬರಲಿಲ್ಲ. ಆಮೇಲೆಂದೂ ಬರಲಿಲ್ಲ. ಕೆಲವು ದಿನಗಳಲ್ಲಿ ಫೋರ್ಟ್ ಲೀಯಿಂದ ಸುದ್ದಿ ಬಂತು: ಹುಡುಗ ಗೇಟಿನ ಹತ್ತಿರ ನಿಲ್ಲುವುದನ್ನು ಬಿಟ್ಟಿದ್ದಾನಂತೆ, ಓಣಿಯ ಮಕ್ಕಳ ಜೊತೆ ಕ್ರಿಕೆಟ್ಟಿಗೆ ಹೋಗುತ್ತಾನಂತೆ, ವಿಕೆಟ್ ಕೀಪರಂತೆ.

ವಸಂತ ಬಂದಾಗ ಆಫೀಸಿನಲ್ಲಿ ನನ್ನ ಸರದಿಯೂ ಬಂತು. ನನ್ನ ಸಾಮಾನು ತುಂಬಿಕೊಳ್ಳಲು ರಟ್ಟಿನ ಡಬ್ಬಿ ಕೊಟ್ಟರು, ಕೈ ಕುಲುಕಿದರು. ಮನೆಗೆ ಫೋನ್ ಮಾಡಿ ತಿಳಿಸಿದೆ. ಸುಧಾ, "ಬನ್ನಿ, ಊಟಕ್ಕೆ ಕಾದಿರ್ತೀವಿ," ಎಂದಳು. ಫೋನು ಕೈಬದಲಾಯಿತು.

"ಅಪ್ಪಾ," ಎಂದಳು ಮೈಥಿಲಿ. "ಹೇಳಿದ್ಯಾ?"

"ಯಾರಿಗಮ್ಮ ಹೇಳೋದು? ಇಲ್ಲಿ ಯಾರೂ ಇಲ್ಲ."

"ಹೇಳಿ ಬಾ."

ಲಿಫ್ಟಿನವರೆಗೆ ಬಂದವನು ವಾಪಸು ಹೋದೆ. ಮಹಡಿಯ ದೀಪಗಳೆಲ್ಲ ಆರಿದ್ದವು, ನನ್ನ ನೆತ್ತಿಯ ಮೇಲಿನದೊಂದು ಬಿಟ್ಟು. ನಾನು ವರ್ಷಗಟ್ಟಲೆ ಕೂತ ಜಾಗದ ಮರದ ಅಡ್ಡಗೋಡೆಯನ್ನು ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಮತ್ತೆ ಎಡಕ್ಕೊಮ್ಮೆ ತಟ್ಟಿದೆ. ಸುತ್ತ ನೋಡಿ, ನಾಚಿಕೆಯಿಂದಲೇ, ಆದರೂ ಗಟ್ಟಿಯಾಗಿ, "ಹೋಗಿ ಬರ್ತೀನಿ," ಎಂದೆ.

ದೂರದ ಮೂಲೆಯಲ್ಲಿ, ಕಿಟಕಿಯ ಪಕ್ಕ, ಎಡ್ ಕೂರುತ್ತಿದ್ದ ಜಾಗದ ಮೇಲಿನ ದೀಪ ಹತ್ತಿತು.

ಡಬ್ಬಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ನಾನೂ ಒಂದು ಕೈ ಬೀಸಿದೆ. ಸರದಿ ಎಂದರೆ ಸರದಿ.